ಗಡಿನಾಡಿನಿಂದ ಉತ್ತರ: ನಮ್ಮ ಊರಿನ ಸಾಲೆಗೆ ಬೇರೆ ಪುಟ ಬೇಕಾ?

ನೀವು ಮೈಸೂರಿನಿಂದ ಕೇಳಿದ್ದು ಒಂದೇ ಪ್ರಶ್ನೆ. ಕಾರವಾರದ ಕಡೆ ನೂರು ವರ್ಷ ದಾಟಿದ ಒಂದು ಸಣ್ಣ ಕನ್ನಡ ಶಾಲೆ ಇದೆ, ವಿಕಿಪೀಡಿಯದಲ್ಲಿ ಅದಕ್ಕೊಂದು ಲೇಖನ ಮಾಡಬಹುದಾ? ನಾನು ಓದಿದ್ದು ಅದೇ ಶಾಲೆಯಲ್ಲಿ. ಅದಕ್ಕೇ ಉತ್ತರ ಎರಡು ದಿನ ತಡವಾಯಿತು. ಕೇಳಿದ ದಿನವೇ ಬರೆದಿದ್ದರೆ "ಖಂಡಿತ ಮಾಡಿ" ಅಂದುಬಿಡುತ್ತಿದ್ದೆ.

ಈಗ ಯೋಚಿಸಿ ಹೇಳುತ್ತೇನೆ. ಸದ್ಯಕ್ಕೆ ಬೇರೆ ಲೇಖನ ಬೇಡ. ಊರಿನ ಲೇಖನದಲ್ಲಿ ಅದಕ್ಕೆ ಒಂದು ಒಳ್ಳೆಯ ಪ್ಯಾರಾ ಇರಲಿ. ಆದರೆ "ಎಲ್ಲೂ ಆಧಾರ ಸಿಗಲಿಲ್ಲ" ಅಂತ ನೀವು ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನೀವು ಬೆಂಗಳೂರಿನಲ್ಲಿ ಹುಡುಕಿದಿರಿ. ನಮ್ಮ ಕಾಗದಗಳು ಅಲ್ಲಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆ (ಹಳೆಯ ಕಾಗದಗಳ ಕೆನರಾ) 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಮೇಲೆ ಮುಂಬೈಗೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಊರು ಕೂತಲ್ಲೇ ಕೂತಿತ್ತು, ಕಚೇರಿ ಮಾತ್ರ ಮೂರು ಕಡೆ ಓಡಾಡಿತು. ಹಾಗಾಗಿ ನಮ್ಮ ಹಳೆಯ ಶಾಲೆಗಳ ವಿಷಯ ಹುಡುಕುವವರು ಮೊದಲು ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯ ವಾರ್ಷಿಕ ವರದಿಗಳನ್ನು ನೋಡಬೇಕು. ಮುಂಬೈಯ ರಾಜ್ಯ ಪತ್ರಾಗಾರಕ್ಕೂ ಹೋಗಬೇಕು. 1883ರಲ್ಲಿ ಬಂದ ಮುಂಬೈ ಗೆಜೆಟಿಯರಿನ ಕೆನರಾ ಸಂಪುಟ ಹೇಗೂ ಇದೆ, ಕ್ಯಾಂಪ್‌ಬೆಲ್ ಸಂಪಾದಿಸಿದ್ದು, ಎರಡು ಭಾಗ. ಅದರಲ್ಲಿ ಶಿಕ್ಷಣಕ್ಕೂ ಜಾಗ ಕೊಟ್ಟಿದ್ದಾರೆ, ಊರೂರಿನ ವಿವರವೂ ಇದೆ. ಇನ್ನೂ ಹಿಂದಿನದು ಬೇಕಾದರೆ ಚೆನ್ನೈಗೇ ಹೋಗಬೇಕು.

ಹೆಸರಿನ ತೊಂದರೆ ಬೇರೆ. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಕಾರವಾರವೂ ಕೆನರಾವೂ ಕೆಲವು ಕಡೆ 'ಸಿ' ಅಕ್ಷರದಿಂದ ಶುರುವಾಗುತ್ತವೆ. ನಾವು ಸದಾಶಿವಗಡ ಅನ್ನುವ ಜಾಗ ಹಳೆಯ ಕಾಗದಗಳಲ್ಲಿ ಚಿತ್ತಾಕುಲ. ಶಾಲೆಯ ಹೆಸರೂ ಹಾಗೇ. ಈಗ ನಾಮಫಲಕದ ಮೇಲೆ 'ಸರಕಾರಿ ಹಿರಿಯ ಪ್ರಾಥಮಿಕ ಶಾಲೆ' ಅಂತಿದೆ. ನನ್ನ ಅಪ್ಪ ಅದನ್ನು ಬೋರ್ಡ್ ಸಾಲೆ, ಅಂದರೆ ಲೋಕಲ್ ಬೋರ್ಡಿನ ಶಾಲೆ, ಅನ್ನುತ್ತಿದ್ದರು. ಅಜ್ಜನ ಬಾಯಲ್ಲಿ ಬರೀ ಕನ್ನಡ ಸಾಲೆ. ಯಾಕೆಂದರೆ ಆಗ ನಮ್ಮ ಕಡೆ ಮರಾಠಿ ಸಾಲೆಯೂ ಇತ್ತು, ಯಾವುದು ಅಂತ ಬಿಡಿಸಿ ಹೇಳಬೇಕಿತ್ತು.

ಇದು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಿ ಕೊಂಕಣಿ. ದೇವಸ್ಥಾನದ ಭಜನೆ ಮರಾಠಿಯಲ್ಲಿ. ಶಾಲೆಯಲ್ಲಿ ಕನ್ನಡ. ಮಾಜಾಳಿ ದಾಟಿದರೆ ಗೋವಾ, 1961ರವರೆಗೆ ಅದು ಪೋರ್ಚುಗೀಸರ ಕೈಯಲ್ಲಿತ್ತು. ನಾನು ಒಂದನೇ ತರಗತಿಗೆ ಹೋದಾಗ ನನಗೆ ಕನ್ನಡ ಬರುತ್ತಿರಲಿಲ್ಲ. ನಮ್ಮ ಅಕ್ಕೋರು, ಅಂದರೆ ಟೀಚರು, ಮೊದಲ ಕೆಲವು ತಿಂಗಳು ಕೊಂಕಣಿಯಲ್ಲಿ ಮಾತಾಡುತ್ತಲೇ ಕನ್ನಡ ಕಲಿಸಿದರು. ಕಾರವಾರ ತಮಗೆ ಸೇರಬೇಕು ಅಂತ ಮಹಾರಾಷ್ಟ್ರ ಕೇಳುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆ ಗಡಿ ವಿವಾದದ ಬಗ್ಗೆ 1967ರಲ್ಲಿ ಮಹಾಜನ ಆಯೋಗದ ವರದಿ ಬಂದದ್ದೂ ಅವರಿಗೆ ನೆನಪಿದೆ. ಅಂಥ ಜಾಗದಲ್ಲಿ ಒಂದು ಕನ್ನಡ ಶಾಲೆ ನೂರು ವರ್ಷ ಬಾಗಿಲು ಹಾಕದೆ ನಡೆದಿದೆ ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ.

ಆದರೂ ಬೇರೆ ಲೇಖನ ಬೇಡ ಅಂದೆನಲ್ಲ, ಯಾಕೆ? ವಿಕಿಪೀಡಿಯ ಕೇಳುವುದು ಶಾಲೆ ಎಷ್ಟು ಹಳೆಯದು ಅಂತ ಅಲ್ಲ. ಆ ಶಾಲೆಗೆ ಸಂಬಂಧ ಇಲ್ಲದವರು, ನಂಬಬಹುದಾದ ಜಾಗದಲ್ಲಿ, ಅದರ ಬಗ್ಗೆ ಸಾಕಷ್ಟು ಬರೆದಿದ್ದಾರಾ ಅಂತ. ಇದನ್ನೇ ಅಲ್ಲಿ ಗಮನಾರ್ಹತೆ ಅನ್ನುತ್ತಾರೆ. ಹಿಂದೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೈಸ್ಕೂಲು ಇದೆ ಅಂತ ಗೊತ್ತಾದರೆ ಸಾಕು, ಲೇಖನ ಸಾಮಾನ್ಯವಾಗಿ ಉಳಿಯುತ್ತಿತ್ತು. 2017ರಲ್ಲಿ ಅಲ್ಲಿ ದೊಡ್ಡ ಚರ್ಚೆ ನಡೆದು, ಬರೀ ಇದೆ ಅನ್ನುವುದು ಸಾಲದು ಅಂತಾಯಿತು. ಪ್ರಾಥಮಿಕ ಶಾಲೆಗಳನ್ನಂತೂ ಮೊದಲಿನಿಂದಲೂ ಹೆಚ್ಚಾಗಿ ಊರಿನ ಲೇಖನಕ್ಕೇ ಸೇರಿಸುತ್ತಾರೆ. ಈ ನಿಯಮ ನನಗೆ ಸರಿ ಅನಿಸುತ್ತದೆ. ಎರಡು ಸಾಲಿನ ಪುಟ ಮಾಡಿಟ್ಟರೆ ಶಾಲೆಗೆ ಏನು ಸಿಕ್ಕಿತು? ವರ್ಷಗಟ್ಟಲೆ ಯಾರೂ ಮುಟ್ಟದೆ ಅದು ಹಾಗೇ ಬಿದ್ದಿರುತ್ತದೆ.

ನಮ್ಮ ಹತ್ತಿರ ಇರುವುದನ್ನು ಲೆಕ್ಕ ಹಾಕೋಣ. ಶತಮಾನೋತ್ಸವದ ಸ್ಮರಣ ಸಂಚಿಕೆ ಇದೆ. ಅದರಲ್ಲಿ ನನ್ನದೂ ಒಂದು ಲೇಖನ ಇದೆ. ಪ್ರೀತಿಯಿಂದ ಮಾಡಿದ ಪುಸ್ತಕ ಅದು. ಆದರೆ ಬರೆದವರು, ಅಚ್ಚು ಹಾಕಿಸಿದವರು, ಜಾಹೀರಾತು ಕೊಟ್ಟವರು ಎಲ್ಲರೂ ಅಲ್ಲೇ ಓದಿದವರು. ಗಮನಾರ್ಹತೆಗೆ ಅದು ಸಾಕ್ಷಿ ಆಗುವುದಿಲ್ಲ. ಇನ್ನು ಸ್ಥಳೀಯ ಪತ್ರಿಕೆಗಳ ಸುದ್ದಿ. ಪ್ರತಿಭಾ ಕಾರಂಜಿ, ಶಾಲಾ ವಾರ್ಷಿಕೋತ್ಸವ, ಬೆಂಚು ದೇಣಿಗೆ, ಇವೆಲ್ಲ ಬಂದಿವೆ. ಇಂಥ ಸುದ್ದಿ ಪ್ರತಿ ಶಾಲೆಯದೂ ಬರುತ್ತದೆ ಅಲ್ವಾ? ಯು-ಡೈಸ್ ಅನ್ನುವ ಸರ್ಕಾರದ ಶಾಲೆಗಳ ಪಟ್ಟಿಯಲ್ಲಿ ನಮ್ಮ ಶಾಲೆಗೆ 29ರಿಂದ ಶುರುವಾಗುವ 11 ಅಂಕಿಯ ಸಂಖ್ಯೆ ಇದೆ. ಅದು ಶಾಲೆ ಇದೆ ಅಂತ ತೋರಿಸುತ್ತದೆ, ಅಷ್ಟೇ.

ಊರಲ್ಲಿ ಒಂದು ಮಾತಿದೆ. ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದಾಗ ಈ ಶಾಲೆಗೂ ಬಂದಿದ್ದರು ಅಂತ. ಅವರು ಕಾರವಾರಕ್ಕೆ ಬಂದದ್ದು ನಿಜ. 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಆದರೆ ನಮ್ಮ ಶಾಲೆಯ ಕಥೆಗೆ ಒಂದು ಚೂರು ಕಾಗದವೂ ಸಿಕ್ಕಿಲ್ಲ. ದಯವಿಟ್ಟು ಅದನ್ನು ಎಲ್ಲೂ ಹಾಕಬೇಡಿ. ಒಮ್ಮೆ ಅಂಥದ್ದು ಅಂತರ್ಜಾಲಕ್ಕೆ ಹೋದರೆ, ಮುಂದಿನ ಪತ್ರಿಕೆಯವರು ಅಲ್ಲಿಂದಲೇ ಎತ್ತಿ ಬರೆಯುತ್ತಾರೆ. ಆಮೇಲೆ ಅದೇ ಆಧಾರ ಆಗಿಬಿಡುತ್ತದೆ.

ಶಾಲೆಯ ನಿಜವಾದ ಆಸ್ತಿ ಕಪಾಟಿನಲ್ಲಿದೆ. ಜನರಲ್ ರಜಿಸ್ಟರ್, ಅಂದರೆ ಶಾಲೆಗೆ ಸೇರಿದ ಮಕ್ಕಳ ದಾಖಲೆ ಪುಸ್ತಕ. ಕೆಂಪು ಬಟ್ಟೆ ಸುತ್ತಿ ಇಟ್ಟಿದ್ದಾರೆ, ಅಂಚು ತಿಂದುಹೋಗಿದೆ. ನನ್ನ ಅಜ್ಜನ ಹೆಸರು, ಅವರ ತಂದೆಯ ಹೆಸರು, ಊರು, ಜಾತಿ, ಬಿಟ್ಟ ಕಾರಣ, ಎಲ್ಲ ಅದರಲ್ಲಿದೆ. ಈ ರಜಿಸ್ಟರಿನ ಉತಾರ (ನಕಲು) ಕೇಳಿಕೊಂಡು ಈಗಲೂ ಜನ ಬರುತ್ತಾರೆ. ಜಾತಿ ಪ್ರಮಾಣ ಪತ್ರಕ್ಕೆ ಬರುವವರು ಕೆಲವರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಇನ್ನೂ ಜಾಸ್ತಿ ಜನ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. ನಮ್ಮ ಜಿಲ್ಲೆಯಲ್ಲಿ ಕಾಡಿನಂಚಿನ ಸಾಗುವಳಿ ಮಾಡಿಕೊಂಡಿರುವ ಕುಟುಂಬಗಳಿಗೆ ಇದು ದೊಡ್ಡ ಕಷ್ಟ. ಜಮೀನಿನ ಕಾಗದ ಇಲ್ಲದ ಮನೆಯವರಿಗೆ, ಅಜ್ಜ ಈ ಊರಿನ ಸಾಲೆಯಲ್ಲಿ ಎರಡನೇ ಇಯತ್ತೆ ಓದಿದ್ದ ಅನ್ನುವ ಒಂದು ಸಾಲು ಎಷ್ಟು ಬೆಲೆಯದ್ದು ಅಂತ ನೀವೇ ಯೋಚಿಸಿ. ವಿಕಿಪೀಡಿಯದ ಲೆಕ್ಕದಲ್ಲಿ ಆ ರಜಿಸ್ಟರ್ ಗಮನಾರ್ಹತೆಗೆ ಆಧಾರವಲ್ಲ. ಅದರ ಫೋಟೋ ತೆಗೆದು ಹಾಕುವುದೂ ಬೇಡ, ಬದುಕಿರುವವರ ಹೆಸರು ಜಾತಿ ಅದರಲ್ಲಿವೆ. ಆದರೆ ಅದು ಗೆದ್ದಲಿನ ಪಾಲಾಗದಂತೆ ನೋಡಿಕೊಳ್ಳುವುದು ಲೇಖನ ಬರೆಯುವುದಕ್ಕಿಂತ ಮೊದಲಿನ ಕೆಲಸ ಅಂತ ನನ್ನ ಅಭಿಪ್ರಾಯ.

ಹಾಗಂತ ನಮ್ಮ ಜಿಲ್ಲೆಯ ಯಾವ ಶಾಲೆಗೂ ಲೇಖನ ಬೇಡ ಅಂತಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲೇ ಇಲ್ಲದ ಊರುಗಳಲ್ಲಿ ಹೈಸ್ಕೂಲು ತೆರೆದರು. ಅವರ ಬಗ್ಗೆ, ಆ ಕೆಲಸದ ಬಗ್ಗೆ ಹೊರಗಿನವರು ಬರೆದದ್ದು ಇದೆ. ಭಟ್ಕಳದ ಅಂಜುಮನ್ ಸಂಸ್ಥೆ 1919ರದ್ದು. ಇಂಥವುಗಳಿಂದ ಶುರುಮಾಡಿ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಊರಿನ ಲೇಖನಕ್ಕೆ ಸೇರಿಸಿ ಅಂದೆ. ಊರೇ ಇಲ್ಲದಿದ್ದರೆ? ಸೂಪಾ ಅಣೆಕಟ್ಟಿನಲ್ಲಿ ಹಳೆಯ ಸೂಪಾ ಪೇಟೆಯೇ ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲೆಯ ನಡುವಿನ ಕಡಲತೀರದ ಊರುಗಳನ್ನು ಎಬ್ಬಿಸಿದರು, ಜನ ಬೇರೆ ಕಡೆ ಹೋಗಬೇಕಾಯಿತು. ಅಲ್ಲೆಲ್ಲ ಶಾಲೆಗಳಿದ್ದವು. ಸರ್ಕಾರದ ದಾಖಲೆಯಲ್ಲಿ ಇದ್ದ ಊರು ಈಗ ಜನರಿಲ್ಲದಿದ್ದರೂ ಲೇಖನಕ್ಕೆ ಅರ್ಹ ಅಂತ ವಿಕಿಪೀಡಿಯ ಸಾಮಾನ್ಯವಾಗಿ ಒಪ್ಪುತ್ತದೆ. ಹಾಗಾದರೆ ಮೊದಲು ಆ ಊರುಗಳ ಲೇಖನ ಬರೆಯೋಣ. ಶಾಲೆಗೆ ಅದರೊಳಗೇ ಜಾಗ ಸಿಗುತ್ತದೆ.

ನಮ್ಮ ಶಾಲೆಯ ಪ್ಯಾರಾ ನಾನು ಬರೆಯುವುದಿಲ್ಲ. ನಾನು ಅಲ್ಲಿಯ ವಿದ್ಯಾರ್ಥಿ, ನೀವೇ ಬರೆಯಿರಿ. ಗೆಜೆಟಿಯರಿನಲ್ಲಿ ನಮ್ಮ ಊರಿನ ಭಾಗ ಹುಡುಕುವುದು, ಹೆಸರುಗಳನ್ನು ಹೊಂದಿಸುವುದು, ಹಂಚಿನ ಕಟ್ಟಡದ ಫೋಟೋ ತೆಗೆಯುವುದು ನನ್ನ ಕೆಲಸ. ಮಳೆ ನಿಂತ ಮೇಲೆ ಒಮ್ಮೆ ಬನ್ನಿ. ಚೌತಿ ಕಳೆದ ವಾರ ಆದರೆ ಅನುಕೂಲ, ಗೋವಾದಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಗಳೂ ಕೆಲವರು ಇನ್ನೂ ಊರಲ್ಲೇ ಇರುತ್ತಾರೆ. ಹೆಡ್ ಮಾಸ್ತರರನ್ನು ಕೇಳಿ ಕಪಾಟು ತೆಗೆಸುತ್ತೇನೆ.