ನಕ್ಷತ್ರ ಎಣಿಸುವ ಮೊದಲು ಎದೆಯ ಬಣ್ಣ ನೋಡಿ

ಈ ಸಲ ಬಂದ ಪ್ರಶ್ನೆಗಳೆಲ್ಲ ಕಾರಿನ ಕ್ರ್ಯಾಶ್ ಟೆಸ್ಟ್ ಬಗ್ಗೆ. ನಾನು ಬಹಳ ಕಾಲ ಇಂಥ ಲ್ಯಾಬಿನಲ್ಲಿ, ಮನುಷ್ಯರ ಬದಲು ಕಾರಿನಲ್ಲಿ ಕೂರಿಸುವ ಡಮ್ಮಿಗಳನ್ನು ಸಜ್ಜು ಮಾಡುವ ಕೆಲಸ ಮಾಡಿದವನು. ಹಾಗಾಗಿ ನನ್ನ ಉತ್ತರಗಳಲ್ಲಿ ಕಾರಿಗಿಂತ ಡಮ್ಮಿಯ ಮಾತೇ ಜಾಸ್ತಿ ಇರುತ್ತದೆ. ಸಹಿಸಿಕೊಳ್ಳಿ.

ಪ್ರಶ್ನೆ: ಸರ್, ಒಂದು ಕ್ರ್ಯಾಶ್ ಟೆಸ್ಟ್ ವಿಡಿಯೊ ನೋಡಿದೆ. ಕಾರು ಗುದ್ದಿತು, ಡಮ್ಮಿ ಮುಂದಕ್ಕೆ ಹೋಗಿ ಏರ್‌ಬ್ಯಾಗಿಗೆ ಮುಖ ಕೊಟ್ಟು ವಾಪಸ್ ಬಂದು ಕೂತಿತು. ಅದಕ್ಕೆ ಏನೂ ಆದಂತೆ ಕಾಣಲಿಲ್ಲ. ಆದರೂ ಆ ಕಾರಿಗೆ ಬರೀ ಎರಡು ನಕ್ಷತ್ರ. ಯಾಕೆ?

ಉತ್ತರ: ಡಮ್ಮಿಗೆ ಏನೂ ಆಗಬಾರದು. ನಾಳೆ ಇನ್ನೊಂದು ಕಾರಿನಲ್ಲಿ ಅದನ್ನೇ ಕೂರಿಸಬೇಕಲ್ವಾ! ಮೂಳೆ ಮುರಿದು ತೋರಿಸುವುದು ಅದರ ಕೆಲಸವಲ್ಲ. ಮೂಳೆಯ ಮೇಲೆ ಎಷ್ಟು ಒತ್ತಡ ಬಿತ್ತು, ಎದೆ ಎಷ್ಟು ಒಳಗೆ ಹೋಯಿತು, ತಲೆಯ ವೇಗ ಎಷ್ಟು ಬೇಗ ಇಳಿಯಿತು ಅಂತ ಹೇಳುವುದು ಅದರ ಕೆಲಸ. ಅದು ಮನುಷ್ಯನ ಆಕಾರದ ಅಳತೆ ಉಪಕರಣ.

ಮುಂಭಾಗದ ಡಿಕ್ಕಿಯ ಟೆಸ್ಟುಗಳಲ್ಲಿ ದಶಕಗಳಿಂದ ಡ್ರೈವರ್ ಸೀಟಿನಲ್ಲಿ ಕೂತವನ ಹೆಸರು ಹೈಬ್ರಿಡ್ 3. 1970ರ ದಶಕದಲ್ಲಿ ಜನರಲ್ ಮೋಟರ್ಸ್ ರೂಪಿಸಿದ್ದು. ತೂಕ ಸುಮಾರು 78 ಕೆ.ಜಿ., ನಿಂತರೆ ಸುಮಾರು 175 ಸೆಂ.ಮೀ. ತಲೆಬುರುಡೆ ಅಲ್ಯೂಮಿನಿಯಂ, ಅದರ ಮೇಲೆ ವಿನೈಲ್ ಚರ್ಮ. ಎದೆಯಲ್ಲಿ ಉಕ್ಕಿನ ಆರು ಪಕ್ಕೆಲುಬು, ಅವಕ್ಕೆ ಅಂಟಿಸಿದ ಪಾಲಿಮರ್ ಪದರ. ಈ ಪದರದಿಂದ ನಮಗೆ ಬಹಳ ಕಾಟ. ಬಿಸಿಯಾದರೆ ಮೆತ್ತಗಾಗುತ್ತದೆ, ತಣ್ಣಗಾದರೆ ಬಿರುಸಾಗುತ್ತದೆ. ಎರಡೂ ಸಲ ಅಳತೆ ತಪ್ಪುತ್ತದೆ. ಅದಕ್ಕೇ ಯುರೋಪಿನಲ್ಲಿ ಕಾರುಗಳನ್ನು ಗುದ್ದಿಸಿ ನಕ್ಷತ್ರ ಕೊಡುವ ಸಂಸ್ಥೆಯಾದ ಯೂರೋ ಎನ್‌ಕ್ಯಾಪ್ ಪದ್ಧತಿಯಲ್ಲಿ ಟೆಸ್ಟಿಗೆ ಮೊದಲು ಡಮ್ಮಿಯನ್ನು ಗಂಟೆಗಟ್ಟಲೆ 19ರಿಂದ 22 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇಟ್ಟಿರಬೇಕು. ಲ್ಯಾಬಿನಲ್ಲಿ ನಮಗೆ ಸೆಕೆಯಾದರೆ ಕೇಳುವವರಿಲ್ಲ. ಡಮ್ಮಿಗೆ ಸೆಕೆಯಾದರೆ ಟೆಸ್ಟೇ ನಿಲ್ಲುತ್ತದೆ.

ಡಮ್ಮಿ ಸರಿಯಾಗಿದೆಯಾ ಅಂತ ಆಗಾಗ ಪರೀಕ್ಷೆ ಮಾಡುತ್ತಾರೆ. ತಲೆ ಬಿಚ್ಚಿ 376 ಮಿ.ಮೀ. ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬೀಳಿಸುವುದು ಒಂದು. ಆಗ ಒಳಗಿನ ಸೆನ್ಸರ್ 225ರಿಂದ 275 ಜಿ ನಡುವೆ ತೋರಿಸಬೇಕು. (ಒಂದು ಜಿ ಅಂದರೆ ಭೂಮಿ ನಮ್ಮನ್ನು ಎಳೆಯುವಷ್ಟು.) ಇನ್ನೊಂದು ಎದೆಯ ಪರೀಕ್ಷೆ. 23.4 ಕೆ.ಜಿ. ತೂಕದ ಗುಂಡನ್ನು ತೂಗಿಬಿಟ್ಟು ಸೆಕೆಂಡಿಗೆ 6.7 ಮೀಟರ್ ವೇಗದಲ್ಲಿ ಎದೆಗೆ ಗುದ್ದಿಸುತ್ತಾರೆ. ಮೊದಲ ಸಲ ನೋಡಿದವರು ಅಯ್ಯೋ ಅನ್ನುತ್ತಾರೆ.

ಈಗ ನಿಮ್ಮ ಎರಡು ನಕ್ಷತ್ರಕ್ಕೆ ಬರೋಣ. ಟೆಸ್ಟಿನಲ್ಲಿ ತಲೆಯ ಸೆನ್ಸರ್‌ಗಳು ಮೂರು ದಿಕ್ಕಿನ ಹೊಡೆತ ಅಳೆಯುತ್ತವೆ. ಹೊಡೆತ ಎಷ್ಟು ಜೋರು, ಎಷ್ಟು ಹೊತ್ತು ಇತ್ತು ಅನ್ನುವ ಎರಡನ್ನೂ ಸೇರಿಸಿ ಎಚ್‌ಐಸಿ ಅನ್ನುವ ಒಂದು ಅಂಕಿ ಮಾಡುತ್ತಾರೆ. ತಲೆಗೆ ಗಾಯದ ಅಪಾಯ ಎಷ್ಟು ಅಂತ ಅದು ಹೇಳುತ್ತದೆ. ಅಮೆರಿಕದ ಕಾನೂನಿನಲ್ಲಿ 15 ಮಿಲಿಸೆಕೆಂಡ್ ಲೆಕ್ಕಕ್ಕೆ ಇದು 700 ದಾಟುವಂತಿಲ್ಲ. ತೊಡೆ ಮೂಳೆಯ ಜಾಗದಲ್ಲಿ ಒತ್ತಡ ಅಳೆಯುವ ಸೆನ್ಸರ್, ಕಾಲಿನಲ್ಲಿ ಇನ್ನಷ್ಟು. ಏರ್‌ಬ್ಯಾಗ್ ಸರಿಯಾಗಿ ಬಿಚ್ಚಿಕೊಂಡರೆ ತಲೆಗೆ ಸಾಮಾನ್ಯವಾಗಿ ಒಳ್ಳೆಯ ಅಂಕವೇ ಬರುತ್ತದೆ. ವಿಡಿಯೊದಲ್ಲಿ ನಿಮ್ಮ ಕಣ್ಣಿಗೆ ಬೀಳುವುದೂ ತಲೆ ಮಾತ್ರ. ಬಹಳ ಕಾರುಗಳು ಸೋಲುವುದು ಎದೆಯಲ್ಲಿ, ಕಾಲಿನಲ್ಲಿ.

ಎದೆಯ ಅಳತೆ ಸರಳ. ಪಕ್ಕೆಲುಬಿನ ಗೂಡು ಎಷ್ಟು ಮಿಲಿಮೀಟರ್ ಒಳಗೆ ಹೋಯಿತು? ಹೈಬ್ರಿಡ್ 3 ಕೂರಿಸಿದ ಯೂರೋ ಎನ್‌ಕ್ಯಾಪ್ ಟೆಸ್ಟಿನಲ್ಲಿ 22 ಮಿ.ಮೀ. ಒಳಗಿದ್ದರೆ ಪೂರ್ತಿ ಅಂಕ. ಆ ಮಟ್ಟದಲ್ಲಿ ಗಂಭೀರ ಗಾಯದ ಸಾಧ್ಯತೆ ನೂರಕ್ಕೆ ಐದು ಅನ್ನುವುದು ಲೆಕ್ಕ. ಅದೇ ಅಮೆರಿಕದ ಕಾನೂನು 63 ಮಿ.ಮೀ. ತನಕ ಒಪ್ಪುತ್ತದೆ. ಎರಡರ ನಡುವಿನ ಅಂತರ ನೋಡಿದಿರಾ? ಕಾನೂನು ಕೇಳುವುದು ಪಾಸೋ ಫೇಲೋ ಅಂತ. ನಕ್ಷತ್ರದವರು ಕೇಳುವುದು ಎಷ್ಟು ಚೆನ್ನಾಗಿ ಪಾಸು ಅಂತ. ಕಂಪನಿಯವರು ‘ಎಲ್ಲ ನಿಯಮಗಳನ್ನೂ ಪಾಲಿಸಿದ್ದೇವೆ’ ಅಂದಾಗ ಸುಳ್ಳೇನೂ ಹೇಳುತ್ತಿಲ್ಲ. ಆದರೆ ಅಷ್ಟಕ್ಕೇ ನಾನು ಸಮಾಧಾನ ಪಡುವವನಲ್ಲ.

ಸೆನ್ಸರ್ ಹೇಳುವುದು ಅರ್ಧ ಕಥೆ. ಗುದ್ದಿಸಿದ ಮೇಲೆ ಟೇಪು ಹಿಡಿದು ಕಾರಿನೊಳಗೆ ಹೋಗುತ್ತಾರೆ. ಸ್ಟೀರಿಂಗ್ ಎಷ್ಟು ಹಿಂದೆ ಬಂತು, ಬ್ರೇಕ್ ಪೆಡಲ್ ಎಷ್ಟು ಹಿಂದೆ ಬಂತು, ಬಾಗಿಲು ಕೈಯಿಂದ ತೆಗೆಯಲು ಬರುತ್ತದಾ ಅಂತ ನೋಡುತ್ತಾರೆ. ಗುದ್ದಿಸುವ ಮೊದಲೇ ಡಮ್ಮಿಯ ಮುಖಕ್ಕೆ, ಮೊಣಕಾಲಿಗೆ ಬೇರೆ ಬೇರೆ ಬಣ್ಣ ಹಚ್ಚಿರುತ್ತಾರೆ. ಆ ಬಣ್ಣ ಎಲ್ಲಿ ಮೆತ್ತಿಕೊಂಡಿದೆಯೋ ಅಲ್ಲಿ ಆ ಭಾಗ ತಗುಲಿದೆ ಅಂತ ಅರ್ಥ. ಮೊಣಕಾಲಿನ ಬಣ್ಣ ಡ್ಯಾಶ್‌ಬೋರ್ಡ್ ಕೆಳಗಿನ ಒಂದು ಗಟ್ಟಿ ಬ್ರಾಕೆಟ್ ಪಕ್ಕದಲ್ಲಿ ಸಿಕ್ಕಿತು ಅನ್ನಿ. ಈ ಡಮ್ಮಿಯ ಮೊಣಕಾಲು ತಪ್ಪಿಸಿಕೊಂಡಿರಬಹುದು, ಸ್ವಲ್ಪ ಉದ್ದ ಕಾಲಿನವರ ಮೊಣಕಾಲು ತಪ್ಪಿಸಿಕೊಳ್ಳುವುದಿಲ್ಲ. ಅಂಕ ಕಡಿತ. ಕಾರಿನ ಗೂಡು ಇನ್ನೊಂದು ಏಟು ತಡೆಯುವ ಹಾಗಿಲ್ಲ ಅನ್ನಿಸಿದರೆ ‘ಬಾಡಿಶೆಲ್ ಅಸ್ಥಿರ’ ಅಂತ ವರದಿಯಲ್ಲಿ ಬರೆಯುತ್ತಾರೆ.

ಇನ್ನು ಮೇಲೆ ವರದಿ ಸಿಕ್ಕರೆ ನಕ್ಷತ್ರದ ಕೆಳಗೆ ಮನುಷ್ಯನ ಚಿತ್ರ ಹುಡುಕಿ. ತಲೆ ಮತ್ತು ಕುತ್ತಿಗೆ, ಎದೆ, ತೊಡೆ ಮತ್ತು ಮೊಣಕಾಲು, ಕೆಳಗಾಲು ಮತ್ತು ಪಾದ ಅಂತ ನಾಲ್ಕು ಭಾಗ. ಬಂದ ಅಂಕ ನೋಡಿ ಅವಕ್ಕೆ ಬಣ್ಣ ತುಂಬಿರುತ್ತಾರೆ. ಒಂದೊಂದಕ್ಕೆ 4 ಅಂಕ, ಒಟ್ಟು 16. ಹಸಿರು ಅಂದರೆ ಪೂರ್ತಿ ಅಂಕ. ಆಮೇಲೆ ಹಳದಿ, ಕಿತ್ತಳೆ, ಕಂದು. ಕೆಂಪು ಅಂದರೆ ಸೊನ್ನೆ. ನಾನು ಮೊದಲು ಡ್ರೈವರ್ ಎದೆಯ ಬಣ್ಣ ನೋಡುತ್ತೇನೆ, ಆಮೇಲೆ ಬಾಡಿಶೆಲ್ ಬಗ್ಗೆ ಬರೆದ ಸಾಲು. ನಕ್ಷತ್ರ ಕೊನೆಗೆ.

ಪ್ರಶ್ನೆ: ಎಲ್ಲ ಕಡೆ 64 ಕಿ.ಮೀ. ವೇಗ ಅಂತಾರೆ. ನಾವು ಹೆದ್ದಾರಿಯಲ್ಲಿ 100ರಲ್ಲಿ ಹೋಗುತ್ತೇವೆ. ಅರವತ್ನಾಲ್ಕರ ಟೆಸ್ಟ್ ಕಟ್ಟಿಕೊಂಡು ಏನು ಮಾಡಲಿ?

ಉತ್ತರ: 64 ಸಣ್ಣ ವೇಗ ಅಂದುಕೊಂಡಿದ್ದೀರಿ. 16 ಮೀಟರ್ ಎತ್ತರದಿಂದ, ಅಂದರೆ ಸುಮಾರು ಐದು ಮಹಡಿ ಮೇಲಿಂದ ಕಾರನ್ನು ಮೂತಿ ಕೆಳಗೆ ಮಾಡಿ ಬಿಟ್ಟರೆ ನೆಲ ಮುಟ್ಟುವಾಗ ಇರುವ ವೇಗ ಅದು.

ಈ ಟೆಸ್ಟಿನಲ್ಲಿ ಕಾರನ್ನು ನೇರ ಗೋಡೆಗೆ ಗುದ್ದಿಸುವುದಿಲ್ಲ. ಮುಂದೆ ಅಲ್ಯೂಮಿನಿಯಂ ಜೇನುಗೂಡಿನಂಥ ಮೆತ್ತನೆ ತಡೆ ಇರುತ್ತದೆ, ಎದುರಿನ ಕಾರಿನ ಮೂತಿಯ ಬದಲಿಗೆ. ಕಾರಿನ ಅಗಲದ ಶೇಕಡಾ 40 ಭಾಗ, ಡ್ರೈವರ್ ಇರುವ ಕಡೆಯದು, ಅದಕ್ಕೆ ಬಡಿಯುತ್ತದೆ. ರಸ್ತೆಯಲ್ಲಿ ಎದುರುಬದುರು ಡಿಕ್ಕಿಯಾದಾಗ ಎರಡು ಕಾರು ಪೂರ್ತಿ ಮೂತಿಗೆ ಮೂತಿ ಇಡುವುದು ಕಡಿಮೆ. ಯಾರಾದರೂ ಒಬ್ಬರು ಕೊನೇ ಗಳಿಗೆಯಲ್ಲಿ ತಿರುಗಿಸಿರುತ್ತಾರೆ. ಆಗ ಎಲ್ಲ ಏಟನ್ನೂ ಒಂದೇ ಪಕ್ಕ ತಿನ್ನಬೇಕು. ಒಂದೇ ತೂಕದ ಎರಡು ಕಾರುಗಳು ತಲಾ 50 ಚಿಲ್ಲರೆ ಕಿ.ಮೀ. ವೇಗದಲ್ಲಿ ಎದುರಾದರೆ ಆಗುವುದಕ್ಕೆ ಇದು ಹತ್ತಿರ.

100ರ ವಿಷಯ. ಏಟಿನ ಶಕ್ತಿ ವೇಗದ ವರ್ಗದಷ್ಟು ಏರುತ್ತದೆ. 56ರಿಂದ 64ಕ್ಕೆ ಹೋದರೇ ಶೇಕಡಾ 30 ಜಾಸ್ತಿ. 64ರಿಂದ 100ಕ್ಕೆ ಸುಮಾರು ಎರಡೂವರೆ ಪಟ್ಟು. ಆ ವೇಗದಲ್ಲಿ ಬ್ರೇಕ್ ಹಾಕದೆ ಗುದ್ದಿದರೆ ಯಾವ ನಕ್ಷತ್ರವೂ ಏನೂ ಭರವಸೆ ಕೊಟ್ಟಿಲ್ಲ. ಆದರೆ ಬ್ರೇಕ್ ಹಾಕಿ ಗುದ್ದುವ ಹೊತ್ತಿಗೆ 60ಕ್ಕೆ ಇಳಿಸಿದ್ದರೆ, ಅಲ್ಲಿಂದ ಮುಂದಿನ ಕೆಲಸವನ್ನು ಈ ಟೆಸ್ಟ್ ಅಳೆದಿದೆ.

ಪ್ರಶ್ನೆ: ಆರು ಏರ್‌ಬ್ಯಾಗ್ ಇರುವಾಗ ಸೀಟ್‌ಬೆಲ್ಟ್ ಬೇಕೇ ಬೇಕಾ?

ಉತ್ತರ: ನಕ್ಷತ್ರ ಕೊಡುವ ಟೆಸ್ಟುಗಳಲ್ಲಿ ಡಮ್ಮಿಗೆ ಬೆಲ್ಟ್ ಹಾಕಿಯೇ ಗುದ್ದಿಸುವುದು. ನೀವು ಹಾಕದಿದ್ದರೆ ಆ ಅಂಕಗಳು ನಿಮ್ಮವಲ್ಲ. ಏರ್‌ಬ್ಯಾಗ್ ಉಬ್ಬುವ ಹೊತ್ತಿಗೆ ನೀವು ಇರಬೇಕಾದ ಜಾಗದಲ್ಲಿ ಹಿಡಿದಿಡುವುದು ಬೆಲ್ಟೇ.

ಪ್ರಶ್ನೆ: ನಮ್ಮ ತಂದೆಯವರು ಹಳೇ ಕಾರುಗಳ ಅಭಿಮಾನಿ. ‘ಆಗಿನ ತಗಡು ನೋಡು, ಈಗಿನವು ಕಾಗದದ ಹಾಗೆ ಮುದುಡುತ್ತವೆ’ ಅಂತಾರೆ. ಅವರ ಮಾತಿನಲ್ಲಿ ಸತ್ಯ ಇದೆಯಾ?

ಉತ್ತರ: ಮುದುಡುತ್ತವೆ ಅನ್ನುವುದು ಸತ್ಯ. ಮುದುಡಲಿ ಅಂತಲೇ ಹಾಗೆ ಮಾಡಿದ್ದು. ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬಾರೆನಿ 1950ರ ದಶಕದ ಶುರುವಿನಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಮುಂದಿನ, ಹಿಂದಿನ ಭಾಗ ಜಜ್ಜಿಹೋಗಬೇಕು, ನಡುವೆ ಮನುಷ್ಯ ಕೂರುವ ಗೂಡು ಗಟ್ಟಿಯಾಗಿ ನಿಲ್ಲಬೇಕು.

ಲೆಕ್ಕ ಮಾಡಿ ನೋಡಿ. 64 ಕಿ.ಮೀ. ವೇಗದಲ್ಲಿರುವ ನಿಮ್ಮ ಮೈ 60 ಸೆಂ.ಮೀ. ದೂರದಲ್ಲಿ ನಿಂತರೆ ಸರಾಸರಿ 27 ಜಿ ಏಟು. ಅದೇ 10 ಸೆಂ.ಮೀ.ನಲ್ಲಿ ನಿಂತರೆ 160 ಜಿ. 1954ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟಾಪ್ ರಾಕೆಟ್ ಗಾಡಿಯಲ್ಲಿ ತಮ್ಮನ್ನೇ ಕಟ್ಟಿಸಿಕೊಂಡು ಗಂಟೆಗೆ ಸಾವಿರ ಕಿ.ಮೀ. ದಾಟಿ, ಒಂದು ಸೆಕೆಂಡ್ ಚಿಲ್ಲರೆಯಲ್ಲಿ ನಿಂತರು. ಅವರ ಮೈ 46 ಜಿ ತನಕ ತಡೆದುಕೊಂಡಿತು, ಕಣ್ಣಿನ ರಕ್ತನಾಳ ಒಡೆದರೂ ಬದುಕಿದರು. ನಮ್ಮ ಅಳತೆಗಳ ಹಿಂದೆ ಇಂಥ ಹುಚ್ಚು ಧೈರ್ಯವೂ ಇದೆ, ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಶವಗಳ ಮೇಲೆ ನಡೆದ ಪ್ರಯೋಗಗಳೂ ಇವೆ. ನಾವು ಗುದ್ದಿಸುವ ಡಮ್ಮಿಯ ಪ್ರತಿ ಮಿತಿಯೂ ಯಾರದೋ ದೇಹದಿಂದ ಬಂದದ್ದು.

ತಂದೆಯವರಿಗೆ ಒಂದು ವಿಡಿಯೊ ತೋರಿಸಿ. 2009ರಲ್ಲಿ, ವಿಮಾ ಕಂಪನಿಗಳ ಹಣದಲ್ಲಿ ಕಾರುಗಳನ್ನು ಗುದ್ದಿಸಿ ನೋಡುವ ಅಮೆರಿಕದ ಐಐಎಚ್ಎಸ್ ಸಂಸ್ಥೆ 1959ರ ಷೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಷೆವ್ರೊಲೆ ಮಾಲಿಬುವನ್ನೂ ಎದುರುಬದುರು ಗುದ್ದಿಸಿತು. ತಲಾ 64 ಕಿ.ಮೀ. ವೇಗ. ದಪ್ಪ ತಗಡಿನ ಬೆಲ್ ಏರ್‌ನಲ್ಲಿ ಡ್ರೈವರ್ ಕೂತ ಗೂಡೇ ಕುಸಿಯಿತು. ಸ್ಟೀರಿಂಗು, ಡ್ಯಾಶ್‌ಬೋರ್ಡು ಎಲ್ಲ ಡಮ್ಮಿಯ ಮೇಲೆ ಬಂದವು. ಮಾಲಿಬುವಿನ ಮೂತಿ ಹಾಳಾಯಿತು, ಗೂಡು ನಿಂತಿತು. ನಾನು ಈ ವಿಡಿಯೊ ನೋಡುವಾಗ ಯಾವಾಗಲೂ ಬೆಲ್ ಏರ್‌ನ ಮುಂದಿನ ಗಾಜಿನ ಕಂಬ ಮಡಚಿಕೊಳ್ಳುವ ಕಡೆಯೇ ಕಣ್ಣಿಡುತ್ತೇನೆ. ಅಲ್ಲೇ ಎಲ್ಲ ಮುಗಿದುಹೋಗುತ್ತದೆ.

ಪ್ರಶ್ನೆ: ನನ್ನ ಎತ್ತರ ಐದು ಅಡಿ. ಸೀಟನ್ನು ಪೂರ್ತಿ ಮುಂದೆ ಎಳೆದರೆ ಮಾತ್ರ ಕ್ಲಚ್ ಸಿಗುತ್ತದೆ. ಗಂಡಸಿನ ಅಳತೆಯ ಡಮ್ಮಿಗೆ ಬಂದ ನಕ್ಷತ್ರ ನನಗೂ ಲೆಕ್ಕವಾ?

ಉತ್ತರ: ಪೂರ್ತಿ ಅಲ್ಲ. ನಿಮ್ಮ ಅನುಮಾನ ಸರಿಯಾಗಿದೆ ಮೇಡಂ. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ನಿಜವಾದ ಅಪಘಾತಗಳ ದಾಖಲೆ ತೆಗೆದು ನೋಡಿದರು. ಅಂಥದ್ದೇ ಅಪಘಾತದಲ್ಲಿ ಬೆಲ್ಟ್ ಹಾಕಿದ ಹೆಂಗಸರಿಗೆ, ಬೆಲ್ಟ್ ಹಾಕಿದ ಗಂಡಸರಿಗಿಂತ ತೀವ್ರ ಗಾಯವಾಗುವ ಸಂಭವ ಶೇಕಡಾ 47 ಜಾಸ್ತಿ ಇತ್ತು.

ಚಿಕ್ಕ ಹೆಂಗಸಿನ ಡಮ್ಮಿ ಇದೆ. ಸುಮಾರು 49 ಕೆ.ಜಿ., 150 ಸೆಂ.ಮೀ. ಯೂರೋ ಎನ್‌ಕ್ಯಾಪ್ 2015ರಿಂದ ಅದನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, 50 ಕಿ.ಮೀ. ವೇಗದಲ್ಲಿ ಪೂರ್ತಿ ಅಗಲದ ಗಟ್ಟಿ ಗೋಡೆಗೆ ಗುದ್ದಿಸುತ್ತದೆ. ಆದರೆ ನನಗೊಂದು ತಕರಾರಿದೆ. ಈ ಡಮ್ಮಿ ಹೆಚ್ಚುಕಡಿಮೆ ಗಂಡಸಿನ ಡಮ್ಮಿಯನ್ನೇ ಕುಗ್ಗಿಸಿದ್ದು. ಹೆಂಗಸರ ಸೊಂಟ, ಕುತ್ತಿಗೆ ಬರೀ ಚಿಕ್ಕವಲ್ಲ, ಬೇರೆ ಥರದವು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ತಂಡ 162 ಸೆಂ.ಮೀ., 62 ಕೆ.ಜಿ.ಯ ಸರಾಸರಿ ಹೆಂಗಸಿನ ಡಮ್ಮಿ ಮಾಡಿದೆ. ಅದು ಹಿಂದಿನಿಂದ ಗುದ್ದಿದಾಗ ಕುತ್ತಿಗೆಗೆ ಏನಾಗುತ್ತದೆ ಅಂತ ನೋಡಲು. ಇಷ್ಟು ವರ್ಷ ಬೇಕಾಯಿತಲ್ಲ ಅನ್ನಿಸುತ್ತದೆ.

ನೀವು ಈಗಲೇ ಮಾಡಬಹುದಾದದ್ದು: ಎದೆಯ ಮೂಳೆಗೂ ಸ್ಟೀರಿಂಗ್ ನಡುಭಾಗಕ್ಕೂ 25 ಸೆಂ.ಮೀ. ಅಂತರ ಬಿಡಿ. ಸೀಟು ಮುಂದೆ ಇದ್ದರೂ ಬೆನ್ನಿನ ಭಾಗವನ್ನು ಸ್ವಲ್ಪ ಹಿಂದೆ ವಾಲಿಸಿದರೆ ಆಗುತ್ತದೆ. ಸ್ಟೀರಿಂಗ್ ಏರಿಸಿ ಇಳಿಸಲು ಬಂದರೆ ಅದು ಮುಖದ ಕಡೆಗಲ್ಲ, ಎದೆಯ ಕಡೆಗೆ ತಿರುಗಿರಲಿ.

ಪ್ರಶ್ನೆ: ಐದು ನಕ್ಷತ್ರದ ಚಿಕ್ಕ ಕಾರು, ಮೂರು ನಕ್ಷತ್ರದ ದೊಡ್ಡ ಕಾರು. ಯಾವುದು ಸುರಕ್ಷಿತ? ನಕ್ಷತ್ರ ಹಳೆಯದಾಗುತ್ತದಾ?

ಉತ್ತರ: ಹಳೆಯದಾಗುತ್ತದೆ. ಫಿಯೆಟ್ ಪುಂಟೊ 2005ರಲ್ಲಿ ಯೂರೋ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಪಡೆದಿತ್ತು, 2017ರಲ್ಲಿ ಸೊನ್ನೆ. ಕಾರು ಕೆಟ್ಟುಹೋದದ್ದಲ್ಲ, ಪರೀಕ್ಷೆ ಮುಂದಕ್ಕೆ ಹೋಯಿತು. ಅದಕ್ಕೇ ನಕ್ಷತ್ರದ ಪಕ್ಕದ ಇಸವಿ ನೋಡಬೇಕು.

ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ಅಷ್ಟನ್ನೇ ಓದಿ ಬರುವ ಕಂಪನಿಗಳೂ ಇವೆ. 2012ರಲ್ಲಿ ಐಐಎಚ್ಎಸ್ ಕಾರಿನ ಅಗಲದ ಶೇಕಡಾ 25 ಮಾತ್ರ ಬಡಿಯುವ ಹೊಸ ಟೆಸ್ಟ್ ತಂದಿತು, ಡ್ರೈವರ್ ಕಡೆಗೆ. ಕಾರುಗಳು ಸುಧಾರಿಸಿದವು. 2016ರಲ್ಲಿ ಅದೇ ಸಂಸ್ಥೆ, ಡ್ರೈವರ್ ಕಡೆ ಉತ್ತಮ ಅನ್ನಿಸಿಕೊಂಡ ಏಳು ಚಿಕ್ಕ ಎಸ್‌ಯುವಿಗಳ ಇನ್ನೊಂದು ಪಕ್ಕವನ್ನು ಗುದ್ದಿಸಿ ನೋಡಿತು. ಉತ್ತಮ ಅನ್ನಿಸಿಕೊಂಡದ್ದು ಒಂದೇ. ಕೆಲವರು ಡ್ರೈವರ್ ಪಕ್ಕವನ್ನು ಮಾತ್ರ ಗಟ್ಟಿ ಮಾಡಿದ್ದರು!

ಚಿಕ್ಕದು, ದೊಡ್ಡದು ಅನ್ನುವ ಪ್ರಶ್ನೆಗೆ ನಕ್ಷತ್ರ ಉತ್ತರ ಕೊಡುವುದಿಲ್ಲ. ನಿಂತ ತಡೆಗೆ ಗುದ್ದಿಸಿದಾಗ ಪ್ರತಿ ಕಾರೂ ಹೆಚ್ಚುಕಡಿಮೆ ತನ್ನಷ್ಟೇ ತೂಕದವರೊಡನೆ ಗುದ್ದಾಡಿದಂತೆ. ಹಾಗಾಗಿ ಮುಂಭಾಗದ ಡಿಕ್ಕಿಯ ಅಂಕಗಳನ್ನು ಹತ್ತಿರದ ತೂಕದ ಕಾರುಗಳ ನಡುವೆ ಮಾತ್ರ ಹೋಲಿಸಿ. ರಸ್ತೆಯಲ್ಲಿ ಭಾರದ ಕಾರು ಎದುರಾದರೆ ಹಗುರ ಕಾರಿನವರಿಗೆ ಏಟು ಜಾಸ್ತಿ. ಯೂರೋ ಎನ್‌ಕ್ಯಾಪ್ 2020ರಲ್ಲಿ ಆ 64ರ ಟೆಸ್ಟನ್ನು ಬದಲಿಸಿತು. ಈಗ ಕಾರು 50ರಲ್ಲಿ ಬರುತ್ತದೆ, ಎದುರಿನಿಂದ 1400 ಕೆ.ಜಿ. ತೂಕದ ಗಾಡಿಯೂ 50ರಲ್ಲಿ ಬರುತ್ತದೆ. ಆ ಗಾಡಿಯ ಮೂತಿ ಎಷ್ಟು ಜಜ್ಜಿಹೋಗಿದೆ ಅಂತಲೂ ಅಳೆಯುತ್ತಾರೆ. ತನ್ನ ಡ್ರೈವರ್‌ನನ್ನು ಉಳಿಸಲು ಎದುರಿನವರನ್ನು ಜಾಸ್ತಿ ಜಜ್ಜಿದ ಕಾರಿಗೆ ಅಲ್ಲಿ ಅಂಕ ಕಡಿತ.