ಕರಕುಶಲ ಪ್ರಶ್ನೋತ್ತರ: ಕಸುಬು ನೋಡುವ ಪ್ರವಾಸ, ಮನೆಯಲ್ಲಿ ಕೈಗೂಡುವ ಕೆಲಸ

ಪ್ರಶ್ನೆ: ಪ್ರವಾಸ ಹೋದಲ್ಲೆಲ್ಲ ಕರಕುಶಲ ವಸ್ತುಗಳ ಮಳಿಗೆಗಳು ಸಿಗುತ್ತವೆಯೇ ಹೊರತು ಅವು ತಯಾರಾಗುವ ಜಾಗ ಕಣ್ಣಿಗೆ ಬೀಳುವುದಿಲ್ಲ. ಕಸುಬನ್ನು ಹತ್ತಿರದಿಂದ ನೋಡಲು ಏನು ಮಾಡಬೇಕು?

ಉತ್ತರ: ಊರುಗಳ ಪಟ್ಟಿ ಹಿಡಿದು ಹೊರಡಬೇಡಿ. ಒಂದೇ ಒಂದು ಕಸುಬನ್ನು ಆರಿಸಿಕೊಂಡು, ಅದಕ್ಕೆ ಬೇಕಾದ ಮಣ್ಣು, ಮರ, ನೀರು ಎಲ್ಲಿಂದ ಬರುತ್ತವೆ ಎಂಬುದನ್ನು ಮೊದಲೇ ತಿಳಿದುಕೊಂಡು ಹೋದರೆ ಅಲ್ಲಿ ಏನು ನೋಡಬೇಕು, ಏನು ಕೇಳಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಬೀದರಿನ ಬಿದರಿ ಕೆಲಸವನ್ನೇ ನೋಡಿ. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೊದಲು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಉಳಿಯಿಂದ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಗೆರೆಯ ತೋಡಿನಲ್ಲಿ ಬೆಳ್ಳಿಯ ತಂತಿ ಕೂರಿಸಿ, ಸುತ್ತಿಗೆಯಿಂದ ತಟ್ಟಿ, ಉಜ್ಜಿ ನಯಗೊಳಿಸಿದಾಗ ಬೆಳ್ಳಿಯೂ ಸತುವೂ ಹತ್ತಿರಹತ್ತಿರ ಒಂದೇ ಬಣ್ಣಕ್ಕೆ ಬಂದು, ಅಷ್ಟು ಹೊತ್ತು ಪಟ್ಟ ಶ್ರಮವೆಲ್ಲ ಅಳಿಸಿಹೋದಂತೆ ತೋರುತ್ತದೆ. ಆಮೇಲೆ ಪಾತ್ರೆಯನ್ನು ಹದವಾಗಿ ಕಾಯಿಸಿ, ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಉಜ್ಜುತ್ತಾರೆ. ಸತುವಿನ ಭಾಗ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಣ್ಣ ಬಿಟ್ಟುಕೊಡುವುದಿಲ್ಲ. ಗಾಜಿನ ಕಪಾಟಿನಲ್ಲಿಟ್ಟ ಹೂದಾನಿಯನ್ನು ಎಷ್ಟು ಹೊತ್ತು ನೋಡಿದರೂ ಈ ಘಳಿಗೆ ದಕ್ಕುವುದಿಲ್ಲ. ಆದ್ದರಿಂದ ಹೋಗುವ ಮುನ್ನ ಕಾರ್ಯಾಗಾರಕ್ಕೆ ದೂರವಾಣಿ ಮಾಡಿ, ಆ ದಿನ ಯಾವ ಹಂತದ ಕೆಲಸ ನಡೆಯುತ್ತದೆ ಎಂದು ಕೇಳಿಕೊಳ್ಳಿ.

ನೀರಿನ ಮಾತಿಗೆ ಕಛ್‌ನ ಅಜ್ರಖ್ ಅಚ್ಚುಬಟ್ಟೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಧಮಡ್ಕಾ ಎಂಬ ಹಳ್ಳಿಯಲ್ಲಿ ಖತ್ರಿ ಸಮುದಾಯದವರು ತಲೆಮಾರುಗಳಿಂದ ಈ ಕೆಲಸ ಮಾಡುತ್ತಿದ್ದರು. 2001ರ ಭೂಕಂಪದ ನಂತರ ಅಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ಬಣ್ಣಗಳು ಕೆಡತೊಡಗಿದವು. ಹಲವು ಕುಟುಂಬಗಳು ಭುಜ್ ಸಮೀಪ ಅಜ್ರಖ್‌ಪುರ ಎಂಬ ಹೊಸ ಊರನ್ನೇ ಕಟ್ಟಿಕೊಂಡವು. ಬಣ್ಣಕ್ಕಾಗಿ ಊರು ಬಿಟ್ಟ ಜನರ ಬಳಿ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಬಾವಿಯದ್ದು.

ಇನ್ನು ನಡೆವಳಿಕೆಯ ಬಗ್ಗೆ ಎರಡು ಮಾತು. ಐದು ಕಾರ್ಯಾಗಾರಗಳಲ್ಲಿ ಹತ್ತು ಹತ್ತು ನಿಮಿಷ ಸುತ್ತುವುದಕ್ಕಿಂತ ಒಂದರಲ್ಲಿ ಒಂದು ವಸ್ತು ಪೂರ್ಣವಾಗುವ ತನಕ ಕುಳಿತಿರುವುದು ಮೇಲು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಬಣ್ಣವಾಗಿ ಮೆತ್ತಿಕೊಳ್ಳುವುದನ್ನು ಪೂರ್ತಿ ನೋಡಿದವರಿಗೆ ಆ ಗೊಂಬೆಯ ಹೊಳಪು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಮತ್ತೆ, ಛಾಯಾಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಿ. ಹೊಸ ವಿನ್ಯಾಸಗಳು ನಕಲಾಗುವ ಭಯ ಕುಶಲಕರ್ಮಿಗಳಿಗೆ ಇದ್ದೇ ಇರುತ್ತದೆ. ಅರ್ಧ ದಿನ ನಿಮಗೆ ಹೇಳಿಕೊಟ್ಟವರ ಕೆಲಸ ಅಷ್ಟು ಹೊತ್ತು ನಿಂತಿರುತ್ತದೆ. ಆದ್ದರಿಂದ ಕೊಳ್ಳುವುದು ಏನೂ ಇಲ್ಲದಿದ್ದರೂ ಆ ಸಮಯಕ್ಕೆ ಸಂಭಾವನೆ ಕೊಡುವುದು ನ್ಯಾಯ.

ಪ್ರಶ್ನೆ: ಪ್ರವಾಸಿಗರಿಗೆಂದೇ ತಯಾರಾದ ವಸ್ತುಗಳೆಲ್ಲ ನಕಲಿ ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ? ಕೈಯಿಂದ ಅಚ್ಚೊತ್ತಿದ ಬಟ್ಟೆಯನ್ನು ಗುರುತಿಸುವುದು ಹೇಗೆ?

ಉತ್ತರ: ಮೊದಲ ಮಾತನ್ನು ನಾನು ಒಪ್ಪುವುದಿಲ್ಲ. ಜಪಾನಿನ ನಗೋಯಾ ಬಳಿಯ ಅರಿಮಾತ್ಸು 1608ರಲ್ಲಿ ಟೋಕಾಯ್ಡೋ ಹೆದ್ದಾರಿಯ ಬದಿಯಲ್ಲಿ ಹುಟ್ಟಿಕೊಂಡ ಊರು. ಬಟ್ಟೆಯನ್ನು ಗಂಟು ಕಟ್ಟಿ ನೀಲಿಯಲ್ಲಿ ಅದ್ದುವ ಅಲ್ಲಿನ ಶಿಬೋರಿ ಕೆಲಸ ಬೆಳೆದದ್ದೇ ಆ ದಾರಿಯಲ್ಲಿ ಸಾಗುವವರು ನೆನಪಿಗೆಂದು ಕೈವಸ್ತ್ರಗಳನ್ನು ಕೊಂಡುಕೊಂಡದ್ದರಿಂದ. ಕೊಳ್ಳುವವರು ದಾರಿಹೋಕರಾದ ಮಾತ್ರಕ್ಕೆ ಕೆಲಸ ಹುಸಿಯಾಗುವುದಿಲ್ಲ. ಹಂತಗಳನ್ನು ಬಿಟ್ಟು ಹೆಸರನ್ನು ಮಾತ್ರ ಮಾರಿದಾಗ ಹುಸಿಯಾಗುತ್ತದೆ.

ಅಚ್ಚುಬಟ್ಟೆಯಲ್ಲಿ ಎರಡು ಅಚ್ಚುಗಳು ಕೂಡುವ ಅಂಚನ್ನು ನೋಡಿ. ಕೈಯಿಂದ ಒತ್ತಿದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ, ಮತ್ತು ಆ ಹೆಚ್ಚುಕಡಿಮೆ ಪ್ರತಿ ಬಾರಿಯೂ ಬೇರೆಯಾಗಿರುತ್ತದೆ. ಯಂತ್ರದ ಮುದ್ರಣದಲ್ಲೂ ತಪ್ಪನ್ನು ಅನುಕರಿಸಬಹುದು, ಆದರೆ ಅದೇ ತಪ್ಪು ಸಮಾನ ದೂರದಲ್ಲಿ ಮರುಕಳಿಸಿ ಗುಟ್ಟು ಬಿಟ್ಟುಕೊಡುತ್ತದೆ.

ಪ್ರಶ್ನೆ: ಮನೆಯಲ್ಲಿಯೇ ಒಂದು ಸಾಂಪ್ರದಾಯಿಕ ಕುಶಲ ಕೆಲಸವನ್ನು ಕಲಿಯುವ ಆಸೆಯಿದೆ. ಹೆಚ್ಚಿನ ಸಲಕರಣೆ ಬೇಡದ, ಆದರೆ ನಿಜವಾಗಿ ಕಲಿಯಲು ಏನಾದರೂ ಇರುವ ಕೆಲಸ ಯಾವುದು?

ಉತ್ತರ: ಹಿಂಜರಿಕೆಯಿಲ್ಲದೆ ಕಸೂತಿ ಎನ್ನುತ್ತೇನೆ. ಧಾರವಾಡದ ಕಡೆಯ ಈ ಕೆಲಸಕ್ಕೆ ಸೂಜಿ, ದಾರ ಮತ್ತು ಎಳೆ ಎಣಿಸಲು ಬರುವಂಥ ಬಟ್ಟೆ ಇದ್ದರೆ ಸಾಕು. ಚಿತ್ರ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ಮೊದಲು ಗವಂತಿಯೊಂದನ್ನೇ ಹಿಡಿಯಿರಿ.

ಅಗಲ ನೇಯ್ಗೆಯ ಮ್ಯಾಟಿ ಬಟ್ಟೆ ತೆಗೆದುಕೊಂಡು, ದಾರದ ತುದಿಯನ್ನು ಬೆರಳುದ್ದ ಬಿಟ್ಟು, ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಎಣಿಸುತ್ತಾ ಸಾಲಿನ ಕೊನೆಯವರೆಗೂ ಹೋಗಿ. ಅಲ್ಲಿಂದ ಅದೇ ರಂಧ್ರಗಳ ಮೂಲಕ ಹಿಂತಿರುಗುವಾಗ ಖಾಲಿ ಬಿಟ್ಟ ಜಾಗಗಳು ತುಂಬಿಕೊಂಡು ಎರಡೂ ಮೈಯಲ್ಲಿ ಒಂದೇ ಅಖಂಡ ಗೆರೆ ಮೂಡುತ್ತದೆ. ಬಿಟ್ಟ ತುದಿಯನ್ನು ಕೊನೆಯಲ್ಲಿ ಹೊಲಿಗೆಯೊಳಗೇ ಹೆಣೆದು ಅಡಗಿಸಬೇಕು. ಗೆರೆಗೆ ಕವಲುಗಳು ಬಂದಾಗಲೇ ಕೆಲಸದ ಸ್ವಾರಸ್ಯ ತಿಳಿಯುವುದು. ಪ್ರತಿ ಗೆರೆಯನ್ನೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕ್ರಮಿಸಬೇಕಾದ್ದರಿಂದ, ಕವಲು ಎದುರಾದಾಗ ಅದರ ತುದಿಗೆ ಹೋಗಿ ಹಿಂತಿರುಗಿ ಬಂದು ಮುಖ್ಯ ದಾರಿಯಲ್ಲಿ ಮುಂದುವರಿದರೆ, ಗೋಪುರವಿರಲಿ, ತೇರಿರಲಿ, ದಾರ ಕಡಿಯದೆ ಹೊರಟ ಜಾಗಕ್ಕೇ ಬಂದು ಸೇರಬಹುದು. ಎಲ್ಲೋ ಒಂದು ಎಳೆ ತಪ್ಪಿ ಎಣಿಸಿದರೆ ಮಾತ್ರ ಆಕೃತಿ ಕೂಡುವುದಿಲ್ಲ, ಆಗ ತಪ್ಪಿದಲ್ಲಿಯವರೆಗೂ ಬಿಚ್ಚುವುದೊಂದೇ ದಾರಿ. ಆದ್ದರಿಂದ ಸಾಲಿನ ಕೊನೆಗೆ ಕಾಯದೆ ಪ್ರತಿ ತಿರುವಿನಲ್ಲೂ ಎಣಿಕೆ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಗವಂತಿ ಕೈಗೆ ಹತ್ತಿದ ಮೇಲೆ ಮೆಟ್ಟಿಲಿನಂತೆ ಓರೆಕೋರೆ ಸಾಗುವ ಮುರ್ಗಿ ಕಷ್ಟವಾಗದು. ನೇಯ್ಗೆಯಂತೆ ಕಾಣುವ ನೇಗಿಯನ್ನೂ ಅಡ್ಡಹೊಲಿಗೆಯ ಮೆಂತೆಯನ್ನೂ ಆಮೇಲೆ ಕಲಿತರಾಯಿತು.

ಪ್ರಶ್ನೆ: ದಾಳಿಂಬೆ ಸಿಪ್ಪೆಯಿಂದ ಹತ್ತಿ ಬಟ್ಟೆಗೆ ಹಳದಿ ಬಣ್ಣ ಹಾಕಲು ಪ್ರಯತ್ನಿಸಿದೆ. ಮಾಸಲು ಬೂದು ಬಣ್ಣ ಬಂತು, ಅಲ್ಲಲ್ಲಿ ಕಲೆಗಳೂ ಉಳಿದವು. ಎಲ್ಲಿ ತಪ್ಪಿರಬಹುದು?

ಉತ್ತರ: ಪಾತ್ರೆ ಯಾವುದೆಂದು ನೀವು ಬರೆದಿಲ್ಲ, ನನ್ನ ಮೊದಲ ಅನುಮಾನ ಅದರ ಮೇಲೆಯೇ. ದಾಳಿಂಬೆ ಸಿಪ್ಪೆಯಲ್ಲಿ ಒಗರಿನ ಅಂಶ, ಅಂದರೆ ಟ್ಯಾನಿನ್, ಹೇರಳವಾಗಿದೆ. ಅದು ಕಬ್ಬಿಣದೊಂದಿಗೆ ಸೇರಿದರೆ ಬೂದು ಅಥವಾ ಕಪ್ಪು ಬಣ್ಣವಾಗುತ್ತದೆ. ಕಬ್ಬಿಣದ ಬಾಣಲೆ, ತುಕ್ಕು ಹಿಡಿದ ಬಕೆಟ್ಟು, ಕಬ್ಬಿಣದ ಅಂಶವಿರುವ ಕೊಳವೆಬಾವಿಯ ನೀರು, ಇವುಗಳಲ್ಲಿ ಯಾವುದಾದರೂ ಸಾಕು. ಧಮಡ್ಕಾದವರನ್ನು ಕಾಡಿದ ಕಬ್ಬಿಣವೇ ನಿಮ್ಮ ಪಾತ್ರೆಗೂ ಬಂದಿರಬಹುದು. ಸ್ಟೀಲ್ ಪಾತ್ರೆ ಬಳಸಿ, ನೀರಿನ ಮೇಲೆ ಅನುಮಾನವಿದ್ದರೆ ಮಳೆನೀರಿನಲ್ಲಿ ಪರೀಕ್ಷಿಸಿ ನೋಡಿ.

ಕಲೆಗಳಿಗೆ ಕಾರಣ ಹೆಚ್ಚಾಗಿ ಗಂಜಿ. ಹೊಸ ಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಚೆನ್ನಾಗಿ ಕುದಿಸಿ ತೊಳೆಯದಿದ್ದರೆ ಬಣ್ಣ ಒಂದೇ ಸಮ ಹತ್ತುವುದಿಲ್ಲ. ನಂತರ ಬಟ್ಟೆಯ ತೂಕದ ಶೇ. 15ರಷ್ಟು ಪಟಿಕ ಕರಗಿಸಿದ ನೀರಿನಲ್ಲಿ ನೆನೆಹಾಕಿ ಬಣ್ಣಕ್ಕೆ ಇಳಿಸಿ. ಹತ್ತಿಗೆ ಪಟಿಕ ಸುಲಭವಾಗಿ ಅಂಟುವುದಿಲ್ಲವಾದ್ದರಿಂದ ಅಚ್ಚುಬಟ್ಟೆ ಮಾಡುವವರು ಅದಕ್ಕೂ ಮೊದಲು ಅಳಲೆಕಾಯಿಯ ನೀರಿನಲ್ಲಿ ಬಟ್ಟೆಯನ್ನು ಅದ್ದುತ್ತಾರೆ. ನಿಮ್ಮ ಸಿಪ್ಪೆಯಲ್ಲಿಯೇ ಒಗರು ಇರುವುದರಿಂದ ಈ ಹಂತ ಬಿಟ್ಟರೂ ನಡೆದೀತು. ಬಣ್ಣಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಪ್ರಶ್ನೆ: ಪ್ರವಾಸದಲ್ಲಿ ಕಲಿತ ಕೆಲಸವನ್ನು ಮನೆಯಲ್ಲಿ ಮಾಡಿ ಮಾರಬಹುದೇ?

ಉತ್ತರ: ಮಾರಬಹುದು, ಆದರೆ ಹೆಸರಿನ ವಿಷಯದಲ್ಲಿ ಎಚ್ಚರಿಕೆ ಬೇಕು. 1999ರ ಕಾಯ್ದೆಯಂತೆ ಭಾರತದಲ್ಲಿ ಬಿದರಿ, ಚನ್ನಪಟ್ಟಣದ ಗೊಂಬೆ, ಕಸೂತಿ ಮುಂತಾದವು ಜಿಐ ಎಂದು ಕರೆಯುವ ಭೌಗೋಳಿಕ ಸೂಚಕದ ನೋಂದಣಿ ಪಡೆದಿವೆ. ಈ ಕಾಯ್ದೆ ಕಾಯುವುದು ಊರಿಗೆ ಅಂಟಿಕೊಂಡ ಹೆಸರನ್ನು. ಹೊಲಿಗೆಯ ವಿಧಾನವನ್ನು ಯಾರೂ ಕಲಿಯಬಹುದು, ಮಾಡಬಹುದು. ಬೇರೆಲ್ಲೋ ಕುಳಿತು ಮಾಡಿದ ವಸ್ತುವನ್ನು ಆ ಪ್ರದೇಶದ್ದೇ ಎಂದು ನಂಬಿಸಿ ಮಾರುವುದು ಕಾನೂನಿಗೂ ವಿರುದ್ಧ, ಆ ಹೆಸರಿನಿಂದಲೇ ಬದುಕುವವರಿಗೂ ಅನ್ಯಾಯ. ಎಣಿಕೆಯ ಹೊಲಿಗೆಯ ಕೈಕೆಲಸ ಎಂದು ಚೀಟಿಯಲ್ಲಿ ಬರೆದು, ಅದನ್ನು ಯಾವ ಊರಿನವರಿಂದ ಕಲಿತಿರಿ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಕಲಿಸಿದವರ ಸ್ವಂತ ವಿನ್ಯಾಸವನ್ನು ಬಳಸುವುದಾದರೆ ಅವರನ್ನು ಕೇಳಿಯೇ ಬಳಸಿ.