ಉಗ್ಗು ಇರುವುದನ್ನು ಕೆಲಸದ ಸಂದರ್ಶನದಲ್ಲಿ ಮೊದಲೇ ತಿಳಿಸಬೇಕೇ?

ಮಂಗಳೂರಿನ ಕಂಪನಿಯೊಂದರ ಸಂದರ್ಶನಕ್ಕೆ ಹೊರಟಿರುವ ನೀವು, ಉಗ್ಗನ್ನು ಅಂಗವೈಕಲ್ಯವೆಂದು ಉದ್ಯೋಗದಾತರು ಒಪ್ಪುತ್ತಾರೆಯೇ, ಅದನ್ನು ಮೊದಲೇ ತಿಳಿಸಬೇಕೇ ಎಂದು ಕೇಳಿದ್ದೀರಿ. ತಿಳಿಸಿ ಎಂದೇ ನನ್ನ ಸಲಹೆ. ಬಾಲ್ಯದಿಂದ ಉಗ್ಗುವ ನಾನು ಉಡುಪಿಯ ಸಹಕಾರಿ ಸಂಘವೊಂದರ ಸಾಲ ವಿಭಾಗದಲ್ಲಿದ್ದೇನೆ.

ನಮ್ಮ ಕಡೆ ಹೆಚ್ಚಿನವರು ಉಗ್ಗನ್ನು ಅಂಜಿಕೆಯೆಂದೋ, ವಿಷಯ ಸರಿಯಾಗಿ ಗೊತ್ತಿಲ್ಲದ್ದರ ಗುರುತೆಂದೋ ತಿಳಿಯುತ್ತಾರೆ. ಆದ್ದರಿಂದಲೇ ಸ್ವಲ್ಪ ಅನುಕೂಲ ಕೇಳಿದಾಗ "ಇದೇನು ದೊಡ್ಡ ಸಂಗತಿ, ನಿಧಾನ ಮಾತಾಡಿದರೆ ಆಯಿತು" ಎನ್ನುವವರೇ, ಬಡ್ತಿಯ ಮಾತು ಬಂದಾಗ "ಅವರಿಗೆ ಗ್ರಾಹಕರ ಹತ್ತಿರ ಮಾತಾಡಲಿಕ್ಕೆ ಆಗುವುದಿಲ್ಲವಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ. ಸವಲತ್ತಿಗೆ ಸಾಲದಷ್ಟು ಸಣ್ಣದಾದ ತೊಂದರೆ ಅವಕಾಶ ತಪ್ಪಿಸುವಷ್ಟು ದೊಡ್ಡದಾಗುವ ಈ ಅನ್ಯಾಯ ನನ್ನನ್ನು ಉಗ್ಗಿಗಿಂತ ಹೆಚ್ಚು ನೋಯಿಸಿದೆ. "ಕನ್ನಡ ಕಷ್ಟವಾದರೆ ತುಳುವಿನಲ್ಲೇ ಹೇಳಿ" ಎಂದು ಪ್ರೀತಿಯಿಂದ ಹೇಳುವವರೂ ಇದ್ದಾರೆ. ತೊಡಕು ಭಾಷೆಯದ್ದಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ.

ವಯಸ್ಕರಲ್ಲಿ ಸುಮಾರು ಶೇ. 1ರಷ್ಟು ಮಂದಿಗೆ ಉಗ್ಗು ಇರುತ್ತದೆ. ಒತ್ತಡದಿಂದ ಅದು ಹೆಚ್ಚಬಹುದಾದರೂ ಅದರ ಬೇರು ಇರುವುದು ಅನುವಂಶೀಯತೆಯಲ್ಲಿ ಮತ್ತು ಮಿದುಳು ಮಾತಿನ ಚಲನೆಗಳನ್ನು ಹೊಂದಿಸುವ ರೀತಿಯಲ್ಲಿ. ಹಾಡುವಾಗ, ಹತ್ತು ಮಂದಿಯೊಡನೆ ಒಟ್ಟಿಗೆ ಓದುವಾಗ ಅದು ಬಹುತೇಕ ಮಾಯವಾಗುವುದರಿಂದ, ಭಜನೆಯಲ್ಲಿ ಸಲೀಸಾಗಿ ಹಾಡಿದವರು ಫೋನಿನಲ್ಲಿ ತಮ್ಮ ಹೆಸರು ಹೇಳಲು ತಡೆದಾಗ ಅದನ್ನು ನಟನೆಯೆಂದು ಶಂಕಿಸುವವರೂ ಉಂಟು.

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಇದೆ. ಆದರೆ ಅಲ್ಲಿ ಉಗ್ಗಿನ ಹೆಸರಿಲ್ಲ, ಮೀಸಲಾತಿಗೆ ಕನಿಷ್ಠ ಶೇ. 40 ವೈಕಲ್ಯದ ಪ್ರಮಾಣಪತ್ರವೂ ಬೇಕು. ಹಾಗೆಂದು ಎಲ್ಲವೂ ಅಲ್ಲಿಗೇ ಮುಗಿಯುವುದಿಲ್ಲ. ಬರೆಯುವಾಗ ಕೈ ಸೆಳೆತದಿಂದ ಬಳಲುತ್ತಿದ್ದ ಅಭ್ಯರ್ಥಿಯೊಬ್ಬರಿಗೆ ಲಿಪಿಕಾರರ ನೆರವು ನೀಡಿದ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಸೂಕ್ತ ಅನುಕೂಲ ಪಡೆಯಲು ಶೇ. 40ರ ಮಿತಿ ಅಡ್ಡಿಯಾಗಬಾರದೆಂದು ಸುಪ್ರೀಂ ಕೋರ್ಟ್ ಹೇಳಿದೆ.

ಆದ್ದರಿಂದ ಸಂದರ್ಶನದ ಮುನ್ನವೇ ಇ-ಮೇಲ್‌ನಲ್ಲಿ ಎರಡು ಸಾಲು ಬರೆಯಿರಿ: ನನಗೆ ಉಗ್ಗು ಇದೆ, ಫೋನಿನ ಬದಲು ಮುಖಾಮುಖಿ ಸಂದರ್ಶನವಾದರೆ ಒಳ್ಳೆಯದು, ಸ್ವಲ್ಪ ಹೆಚ್ಚು ಸಮಯ ಬೇಕು, ನನ್ನ ವಾಕ್ಯಗಳನ್ನು ನಾನೇ ಮುಗಿಸುತ್ತೇನೆ. ವಾಕ್ ತಜ್ಞರ ಪತ್ರವೊಂದು ಜೊತೆಗಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಮಂಗಳೂರಿನಲ್ಲೇ ಫಾದರ್ ಮುಲ್ಲರ್ ಸಂಸ್ಥೆಯ ವಾಕ್ ಮತ್ತು ಶ್ರವಣ ಕಾಲೇಜು ಇದೆ, ಅಲ್ಲಿ ವಿಚಾರಿಸಿ.